ಹೊಲದ ಹಂದಿಯೂ ಬಂದೂಕಿನ ಗುಂಡೂ

ಹಿಂಗಾರು ಜೋಳ ಹಾಲುಗಾಳು ಕಟ್ಟಿ ಸೀತನಿ ತಿನ್ನುವ ಕಾಲ ಬಂತೆಂದರೆ ಬೀದರ್ ಜಿಲ್ಲೆಯ ರೈತನಿಗೆ ರಾತ್ರಿಯ ನಿದ್ದೆ ಇಲ್ಲ. ಔರಾದ್ ತಾಲ್ಲೂಕಿನ ಎರೆಹೊಲಗಳಲ್ಲಾಗಲಿ, ಭಾಲ್ಕಿ ತಾಲ್ಲೂಕಿನಲ್ಲಿ ಮಾಂಜರಾ ಮತ್ತು ಕಾರಂಜಾ ನೀರಿನ ಆಸರೆಯಿಂದ ಬೆಳೆದ ಕಬ್ಬಿನ ಬದಿಯಲ್ಲಾಗಲಿ, ಬೀದರ್ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದ ಕಡಲೆ, ತೊಗರಿ ಹೊಲಗಳಲ್ಲಾಗಲಿ, ಕತ್ತಲಾಗುತ್ತಲೇ ಕಾಡುಹಂದಿಗಳ ಹಿಂಡು ಇಳಿಯುತ್ತದೆ. ಹಗಲೆಲ್ಲ ಅವು ಕಬ್ಬಿನ ಒಳಗೋ, ಹಳ್ಳದ ದಂಡೆಯ ಬಳ್ಳಾರಿ ಜಾಲಿಯ ಮೆಳೆಯಲ್ಲೋ ಮಲಗಿರುತ್ತವೆ. ಹಂದಿ ತಿನ್ನುವುದಕ್ಕಿಂತ ಕೆಡವಿ ತುಳಿದು ಹಾಳುಮಾಡುವುದೇ ಹೆಚ್ಚು. ಒಂದು ಹಿಂಡು ಒಂದು ರಾತ್ರಿ ಹೊಕ್ಕು ಹೋದ ಹೊಲವನ್ನು ಬೆಳಿಗ್ಗೆ ನೋಡಿದ ರೈತನಿಗೆ ಮೂರು ತಿಂಗಳ ದುಡಿಮೆ ಕಣ್ಣೆದುರಿಗೇ ನೆಲಕ್ಕೆ ಬಿದ್ದಂತೆ ಕಾಣುತ್ತದೆ.

ಅಟ್ಟಣಿಗೆ ಹಾಕಿ, ಡಬ್ಬ ಬಡಿದು, ಕವಣೆ ಬೀಸಿ, ಪಟಾಕಿ ಸುಟ್ಟು ಬೇಸತ್ತವರು ಚಾವಡಿಯಲ್ಲಿ ಕುಳಿತಾಗ ಒಂದು ಮಾತು ಬಂದೇ ಬರುತ್ತದೆ: 'ಕೈಯಲ್ಲಿ ಒಂದು ರೈಫಲ್ ಇದ್ದಿದ್ದರೆ ಒಂದೇ ಗುಂಡಿಗೆ ಮುಗಿಯುತ್ತಿತ್ತು.' ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ತಿಳಿಯಬೇಕಾದರೆ, ಗುಂಡು ಎಂಬ ವಸ್ತು ಪ್ರಾಣಿಯ ದೇಹವನ್ನು ಹೊಕ್ಕಾಗ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಮೊದಲು ಅರಿಯಬೇಕು. ಬಂದೂಕನ್ನು ಎಂದೂ ಮುಟ್ಟದ ರೈತನಿಗೂ ಇದು ಉಪಯೋಗದ ವಿಷಯ. ಏಕೆಂದರೆ ಬೇರೊಬ್ಬರು ಹಾರಿಸಿದ ಗುಂಡಿನಿಂದ ಗಾಯಗೊಂಡ ಹಂದಿ ಇವನ ಹೊಲದಲ್ಲೇ ಅಡಗಬಹುದು, ಗುರಿ ತಪ್ಪಿದ ಚರೆ ಇವನ ಎತ್ತಿಗೇ ತಗುಲಬಹುದು.

ಗುಂಡಿನ ಬಲ ಎಲ್ಲಿಂದ ಬರುತ್ತದೆ?

ಬೀದರ್ ಕೋಟೆಯ ಬುರುಜುಗಳ ಮೇಲೆ ಇಂದಿಗೂ ಇರುವ ಬರೀದ್ ಶಾಹಿ ಕಾಲದ ತೋಫುಗಳನ್ನು ಅನೇಕರು ನೋಡಿರಬಹುದು. ಅವುಗಳ ಬಲವಿದ್ದದ್ದು ಗುಂಡಿನ ತೂಕದಲ್ಲಿ. ಇಂದಿನ ರೈಫಲಿನ ಬಲವಿರುವುದು ಗುಂಡಿನ ವೇಗದಲ್ಲಿ. ಚಲಿಸುವ ವಸ್ತುವಿನ ತೂಕ ಎರಡು ಪಟ್ಟಾದರೆ ಅದರ ಶಕ್ತಿಯೂ ಎರಡು ಪಟ್ಟಾಗುತ್ತದೆ. ಆದರೆ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ರೈಫಲಿನ ಮರ್ಮವೆಲ್ಲ ಇಷ್ಟರಲ್ಲೇ ಅಡಗಿದೆ.

ಒಂದು ಉದಾಹರಣೆ ನೋಡೋಣ. 10 ಗ್ರಾಂ ತೂಕದ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ನಳಿಕೆಯಿಂದ ಹೊರಬಿತ್ತೆನ್ನಿ. ಅದರ ಶಕ್ತಿ 3,200 ಜೂಲ್. ಇದನ್ನು ರೈತನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕ್ವಿಂಟಾಲ್ ಜೋಳದ ಚೀಲವನ್ನು ನೆಲದಿಂದ ಮೂರು ಮೀಟರಿಗಿಂತ ತುಸು ಮೇಲಕ್ಕೆ ಎತ್ತಲು ಬೇಕಾಗುವ ಶ್ರಮ. ಇಷ್ಟೆಲ್ಲ ಶಕ್ತಿ ಕಿರುಬೆರಳ ತುದಿಯಷ್ಟು ಗಾತ್ರದ ಲೋಹದ ತುಂಡಿನಲ್ಲಿ ಅಡಗಿರುತ್ತದೆ. ಇದಕ್ಕೆ ಹೋಲಿಸಿದರೆ, 100 ಗ್ರಾಂ ತೂಕದ ಕವಣೆಕಲ್ಲು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಕೇವಲ 45 ಜೂಲ್.

ಗಾಳಿಯ ತಡೆಯಿಂದ ಗುಂಡಿನ ವೇಗ ದಾರಿಯುದ್ದಕ್ಕೂ ಇಳಿಯುತ್ತದೆ. ಮೇಲಿನ ಗುಂಡು 200 ಮೀಟರ್ ಸಾಗುವ ಹೊತ್ತಿಗೆ, ಅದರ ಆಕಾರಕ್ಕೆ ತಕ್ಕಂತೆ, ಮೂರನೆಯ ಒಂದು ಪಾಲಿನಷ್ಟು ಶಕ್ತಿಯನ್ನು ಕಳೆದುಕೊಂಡಿರುತ್ತದೆ. ರೈಫಲಿನ ನಳಿಕೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಇವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ ತಿರುಗುವ ಗುಂಡು ಮೂತಿ ಮುಂದಾಗಿ ನೆಟ್ಟಗೆ ಸಾಗುತ್ತದೆ. ನುಣುಪು ನಳಿಕೆಯ ಬಂದೂಕಿಗೆ ಈ ಅನುಕೂಲವಿಲ್ಲ.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ತಿದ್ದಬೇಕು. ಸಿನಿಮಾದಲ್ಲಿ ಗುಂಡು ತಗುಲಿದವನು ಹಿಂದಕ್ಕೆ ಹಾರಿ ಬೀಳುತ್ತಾನೆ. ನಿಜದಲ್ಲಿ ಹಾಗಾಗದು. ಗುಂಡು ಪ್ರಾಣಿಯನ್ನು ಎಷ್ಟು ತಳ್ಳಬಲ್ಲದೋ ಬಂದೂಕಿನ ಹಿಡಿ ಹಾರಿಸಿದವನ ಭುಜವನ್ನು ಹೆಚ್ಚುಕಡಿಮೆ ಅಷ್ಟೇ ತಳ್ಳುತ್ತದೆ. ಭುಜಕ್ಕೆ ಗುದ್ದು ಬಿದ್ದರೂ ಹಾರಿಸಿದವನು ನಿಂತೇ ಇರುತ್ತಾನಲ್ಲವೇ? 80 ಕಿಲೋ ಹಂದಿಯನ್ನು ಮೇಲಿನ ಗುಂಡು ಸೆಕೆಂಡಿಗೆ ಹತ್ತು ಸೆಂಟಿಮೀಟರಿನಷ್ಟು ಮಾತ್ರ ಸರಿಸಬಲ್ಲದು. ಆದ್ದರಿಂದ ಗುಂಡು ಪ್ರಾಣಿಯನ್ನು ತಳ್ಳಿ ಕೆಡಹುವುದಿಲ್ಲ. ಅದು ಕೊಲ್ಲುವ ಬಗೆಯೇ ಬೇರೆ.

ದೇಹದೊಳಗೆ ಆಗುವುದೇನು?

ಗುಂಡು ಮಾಂಸವನ್ನು ಹೊಕ್ಕಾಗ ಎರಡು ಬಗೆಯ ಹಾನಿಯಾಗುತ್ತದೆ. ಮೊದಲನೆಯದು ಗುಂಡು ನೇರವಾಗಿ ಹರಿದು ಅರೆದು ಮಾಡಿದ ಕಂಡಿ. ಇದು ಹಾಗೆಯೇ ಉಳಿಯುತ್ತದೆ, ಇದರ ಮೂಲಕವೇ ರಕ್ತ ಸೋರುತ್ತದೆ. ಎರಡನೆಯದು ಕ್ಷಣಿಕವಾದ ಪೊಳ್ಳು. ತುಂಬಿದ ಕೆರೆಗೆ ದೊಡ್ಡ ಕಲ್ಲು ಎಸೆದಾಗ ನೀರು ಸುತ್ತಲೂ ಸರಿದು ಕುಳಿ ಬಿದ್ದು ಮರುಕ್ಷಣವೇ ಮುಚ್ಚಿಕೊಳ್ಳುವಂತೆ, ವೇಗದ ಗುಂಡಿನ ಸುತ್ತಲಿನ ಮಾಂಸ ಅರೆಕ್ಷಣ ಹೊರಕ್ಕೆ ಉಬ್ಬಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಪುಪ್ಪುಸ, ಸ್ನಾಯುಗಳು ರಬ್ಬರಿನಂತೆ ಹಿಗ್ಗಬಲ್ಲವಾದ್ದರಿಂದ ಈ ಎಳೆತವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಆದರೆ ಯಕೃತ್ತು ಹಿಗ್ಗಲಾರದೆ ಬಿರಿಯುತ್ತದೆ. ಎಲುಬಿನ ಕರಟದೊಳಗೆ ಕೂಡಿಹಾಕಿದ ಮೆದುಳಿಗೆ ಸರಿಯಲು ಜಾಗವೇ ಇಲ್ಲ, ಹಾಗಾಗಿ ಅದು ಛಿದ್ರವಾಗುತ್ತದೆ. ನೀರು, ಮೇವು ತುಂಬಿದ ಜಠರವೂ ಒಡೆಯಬಹುದು. ಒಂದೇ ಗುಂಡು ಒಂದಂಗುಲ ಆಚೀಚೆ ತಗುಲಿದರೆ ಪರಿಣಾಮ ಇಷ್ಟು ಬೇರೆಯಾಗುವುದು ಇದೇ ಕಾರಣಕ್ಕೆ.

ಪ್ರಾಣಿ ಬೀಳುವುದಕ್ಕೂ ಎರಡೇ ದಾರಿ. ಮೆದುಳು ಅಥವಾ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದರೆ ಅದು ನಿಂತಲ್ಲೇ ಕುಸಿಯುತ್ತದೆ. ಇಲ್ಲವಾದರೆ ರಕ್ತ ಸೋರಿ, ಮೆದುಳಿಗೆ ಉಸಿರುಗಾಳಿ ಮುಟ್ಟದೆ ಬೀಳಬೇಕು. 80 ಕಿಲೋ ತೂಕದ ಹಂದಿಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೇಗನೆ ಸೋರಿದರೆ ಅದು ನಿಲ್ಲಲಾರದು. ಆದರೆ ಗುಂಡಿಗೆಗೇ ಗುಂಡು ತಗುಲಿದರೂ ಮೆದುಳಿನಲ್ಲಿ ಆಗಲೇ ಇರುವ ಉಸಿರುಗಾಳಿ ಹತ್ತು ಹದಿನೈದು ಸೆಕೆಂಡು ಸಾಲುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡುವ ಹಂದಿ 12 ಸೆಕೆಂಡಿನಲ್ಲಿ 100 ಮೀಟರ್ ದಾಟುತ್ತದೆ. ಜೋಳದ ಹೊಲದ ಅಂಚಿನಿಂದ ಕಬ್ಬಿನ ಹೊಲಕ್ಕೆ ಅಷ್ಟು ದೂರವೂ ಇರುವುದಿಲ್ಲ. 'ಗುಂಡು ತಗುಲಲಿಲ್ಲ, ಓಡಿಹೋಯಿತು' ಎಂದು ಹೇಳಿದ ಎಷ್ಟೋ ಪ್ರಾಣಿಗಳು ನಿಜಕ್ಕೂ ಗುಂಡು ತಗುಲಿಯೇ ಓಡಿರುತ್ತವೆ.

ಅನುಭವಿಗಳು ನೆಲದ ಮೇಲಿನ ರಕ್ತ ನೋಡಿ ಗುಂಡು ಎಲ್ಲಿ ತಗುಲಿದೆ ಎಂದು ಹೇಳಬಲ್ಲರು. ನೊರೆಯುಕ್ಕುವ ಕೆಂಪು ರಕ್ತವಾದರೆ ಪುಪ್ಪುಸಕ್ಕೆ ತಗುಲಿದೆ, ಪ್ರಾಣಿ ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪಾದ ದಟ್ಟ ರಕ್ತವಾದರೆ ಯಕೃತ್ತು. ಹಸಿರು ಮೇವಿನ ಚೂರು, ದುರ್ವಾಸನೆ ಇದ್ದರೆ ಕರುಳು. ಕರುಳಿಗೆ ಗುಂಡು ತಗುಲಿದ ಪ್ರಾಣಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬದುಕಿದ್ದು ನರಳಿ ಸಾಯುತ್ತದೆ.

ಅರಳುವ ಗುಂಡು

ಎಲ್ಲ ರೈಫಲ್ ಗುಂಡುಗಳೂ ಒಂದೇ ಬಗೆಯವಲ್ಲ. ಸೀಸ ಮೆತ್ತನೆಯ ಲೋಹ. ಹೆಚ್ಚಿನ ವೇಗದಲ್ಲಿ ಅದು ನಳಿಕೆಯ ಗೀರಿನಲ್ಲಿ ಕಿತ್ತುಹೋಗುತ್ತದೆಂದು ಮೇಲೆ ತಾಮ್ರ ಮಿಶ್ರಲೋಹದ ಹೊದಿಕೆ ಹಾಕುತ್ತಾರೆ. ಮೂತಿಯವರೆಗೂ ಹೊದಿಕೆ ಮುಚ್ಚಿದ್ದರೆ ಅದು ಸೈನ್ಯದ ಗುಂಡು. ಅದು ಆಕಾರ ಕೆಡದೆ ಸೂಜಿಯಂತೆ ಹೊಕ್ಕು ಆಚೆ ಹೋಗಿಬಿಡುವುದುಂಟು. ಮೂತಿಯಲ್ಲಿ ಸೀಸ ಬಿಚ್ಚಿಟ್ಟಿದ್ದರೆ ಅದು ಬೇಟೆಯ ಮೆದುಮೂತಿ ಗುಂಡು. ಮಾಂಸಕ್ಕೆ ತಗುಲಿದೊಡನೆ ಇದರ ಮೂತಿ ನಾಯಿಕೊಡೆಯಂತೆ ಅರಳುತ್ತದೆ. 8 ಮಿಲಿಮೀಟರ್ ಅಡ್ಡಳತೆಯ ಗುಂಡು 16 ಮಿಲಿಮೀಟರಿಗೆ ಅರಳಿದರೆ ಅದರ ಮುಖದ ವಿಸ್ತೀರ್ಣ ನಾಲ್ಕು ಪಟ್ಟಾಯಿತು. ಕಂಡಿ ದೊಡ್ಡದಾಯಿತು, ರಕ್ತ ಬೇಗ ಸೋರಿತು, ಗುಂಡು ತನ್ನ ಶಕ್ತಿಯನ್ನೆಲ್ಲ ದೇಹದೊಳಗೇ ಬಿಟ್ಟಿತು.

ಈ ಅರಳುವ ಗುಂಡಿನ ಚರಿತ್ರೆಯಲ್ಲಿ ನಮ್ಮ ದೇಶದ ಹೆಸರೂ ಸೇರಿಕೊಂಡಿದೆ. ಕಲ್ಕತ್ತೆಯ ಹತ್ತಿರದ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿ ಸೈನ್ಯದ .303 ರೈಫಲಿನ ಗುಂಡಿಗೆ ಮೂತಿಯ ಹೊದಿಕೆಯನ್ನು ತೆಗೆದುಹಾಕಿದನು. ವಾಯವ್ಯ ಗಡಿಯ ಕಾಳಗಗಳಲ್ಲಿ ಪೂರ್ತಿ ಹೊದಿಕೆಯ ಗುಂಡು ತಗುಲಿದವರೂ ನಿಲ್ಲದೆ ಮುನ್ನುಗ್ಗಿ ಬರುತ್ತಾರೆ ಎಂಬ ದೂರು ಇದಕ್ಕೆ ಕಾರಣ. ಇಂಥ ಗುಂಡಿಗೆ ಜಗತ್ತಿನ ತುಂಬ 'ದಮ್‌ದಮ್ ಗುಂಡು' ಎಂದೇ ಹೆಸರಾಯಿತು. ಅದು ಮಾಡುವ ಗಾಯ ಅತಿ ಕ್ರೂರವೆಂದು 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅರಳುವ ಗುಂಡನ್ನು ನಿಷೇಧಿಸಿತು. ವಿಚಿತ್ರವೆಂದರೆ, ಯುದ್ಧದಲ್ಲಿ ಕ್ರೂರವೆನಿಸಿದ್ದೇ ಬೇಟೆಯಲ್ಲಿ ಕರುಣೆಯ ಲಕ್ಷಣವೆನಿಸಿದೆ. ಗಾಯಗೊಂಡ ಸೈನಿಕನನ್ನು ಆಸ್ಪತ್ರೆಗೆ ಹೊತ್ತೊಯ್ಯುತ್ತಾರೆ. ಗಾಯಗೊಂಡ ಪ್ರಾಣಿಯನ್ನು ಹೊತ್ತೊಯ್ಯುವವರಿಲ್ಲ, ಅದು ಬೇಗ ಸಾಯುವುದೇ ಲೇಸು. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆಯು ಜಿಂಕೆಗೆ ಮೆದುಮೂತಿ ಅಥವಾ ಪೊಳ್ಳುಮೂತಿಯ ಗುಂಡನ್ನೇ ಬಳಸಬೇಕೆಂದು ಕಡ್ಡಾಯ ಮಾಡಿದೆ.

ಹಂದಿಯ ಮೈಕಟ್ಟು

ಕಾಡುಹಂದಿ ಗುಂಡಿಗೆ ಸುಲಭದ ಗುರಿಯಲ್ಲ. ಬೆಳೆದ ಗಂಡುಹಂದಿ ಒಂದು ಕ್ವಿಂಟಾಲ್ ಮೀರುವುದುಂಟು. ಅದರ ಹೆಗಲಿನಿಂದ ಪಕ್ಕೆಯವರೆಗೆ ಚರ್ಮದಡಿಯಲ್ಲಿ ಗಟ್ಟಿ ನಾರಿನ ದಪ್ಪ ಪದರವೊಂದು ಗುರಾಣಿಯಂತೆ ಬೆಳೆದಿರುತ್ತದೆ. ಹೆಣ್ಣಿಗಾಗಿ ಗಂಡುಗಳು ಕಾದಾಡುವಾಗ ಎದುರಾಳಿಯ ಕೋರೆ ಒಳಕ್ಕಿಳಿಯದಂತೆ ಪ್ರಕೃತಿ ಕೊಟ್ಟ ರಕ್ಷಣೆ ಇದು. ಇದರ ಮೇಲೆ ಕೆಸರಿನಲ್ಲಿ ಹೊರಳಿ ಒಣಗಿದ ಮಣ್ಣಿನ ಪದರ ಬೇರೆ. ವೇಗ ಕಡಿಮೆಯಾದ ಗುಂಡು, ಚರೆ ಇಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಎರಡನೆಯ ತೊಡಕು ನೋಟದ್ದು. ಹಂದಿಯ ಬೆನ್ನಿನ ಮೇಲೆ ಬಿರುಗೂದಲು ನಿಗುರಿ ನಿಂತಿರುವುದರಿಂದ ದೇಹ ಇದ್ದುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಗುಂಡಿಗೆ ಮತ್ತು ಪುಪ್ಪುಸಗಳಾದರೋ ಮುಂಗಾಲಿನ ಹಿಂದೆ, ಎದೆಯ ಕೆಳಭಾಗದಲ್ಲಿ, ಬಹಳ ಮುಂದಕ್ಕೆ ಇವೆ. ದೇಹದ ನಡುಮಧ್ಯಕ್ಕೆ ಹಾರಿಸಿದವನ ಗುಂಡು ಹೊಟ್ಟೆಗೆ ಹೋಗುತ್ತದೆ. ಬೆನ್ನಿನ ಮೇಲಂಚಿಗೆ ಹಾರಿಸಿದವನ ಗುಂಡು ಬೆನ್ನೆಲುಬಿನ ಮೇಲಿನ ಮಾಂಸದಲ್ಲಿ ಹಾದು ಹೋಗುತ್ತದೆ. ಹಂದಿ ತತ್ತರಿಸಿ ಬಿದ್ದು, ನಿಮಿಷದಲ್ಲೇ ಎದ್ದು ಓಡುತ್ತದೆ. ಮರ್ಮಸ್ಥಾನದ ಅಗಲ ಒಂದು ಊಟದ ತಟ್ಟೆಗಿಂತ ದೊಡ್ಡದಲ್ಲ. ಅಮಾವಾಸ್ಯೆಯ ಹತ್ತಿರದ ಕತ್ತಲಲ್ಲಿ, ಬ್ಯಾಟರಿ ಬೆಳಕಿನಲ್ಲಿ, ಎದೆಯೆತ್ತರದ ಜೋಳದೊಳಗೆ ಅಲುಗಾಡುವ ಹಂದಿಯ ಈ ತಟ್ಟೆಯಷ್ಟು ಜಾಗಕ್ಕೆ ಗುಂಡು ಕೂರಿಸುವುದೆಂದರೆ ಪಳಗಿದವನಿಗೂ ಅದು ನೆಚ್ಚುವಂಥ ಮಾತಲ್ಲ.

ಚಿಗರೆಯ ಮಾತೇ ಬೇರೆ. ಬೀದರಿನ ಬಯಲುಗಳಲ್ಲಿ ಕಾಣುವ ಕೃಷ್ಣಮೃಗ ಮೂವತ್ತು ನಲವತ್ತು ಕಿಲೋ ತೂಗುವ, ತೆಳು ಚರ್ಮದ ಪ್ರಾಣಿ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಪಳಗಿಸಿದ ಚೀತಾಗಳನ್ನು ಬಿಟ್ಟು ಇವುಗಳನ್ನು ಹಿಡಿಸುವ ಶೋಕಿಯಿತ್ತು. ಚೀತಾ ನಮ್ಮ ಕಾಡುಗಳಿಂದ ಅಳಿದುಹೋಯಿತು, ಚಿಗರೆ ಉಳಿದುಕೊಂಡಿತು. ಕಡಲೆ ಹೊಲಕ್ಕೆ ಅದರಿಂದ ನಷ್ಟವಾಗುವುದು ಸುಳ್ಳಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ಹುಲಿಯ ಸಾಲಿನಲ್ಲೇ ನಿಲ್ಲುವ ಪ್ರಾಣಿ ಎಂಬುದನ್ನು ಮರೆಯುವಂತಿಲ್ಲ.

ನಾಡಬಂದೂಕು ಮತ್ತು ಚರೆ

ಹಳ್ಳಿಗಳಲ್ಲಿ ರೈಫಲ್ ಇರುವುದು ತೀರ ಅಪರೂಪ. ಇರುವುದು ಮದ್ದು ತುಂಬುವ ಒಂಟಿ ನಳಿಕೆಯ ಬಂದೂಕು, ಇಲ್ಲವೇ ತೋಟಾ ಹಾಕುವ 12 ಬೋರಿನ ಬಂದೂಕು. ಮದ್ದಿನ ಬಂದೂಕಿನಲ್ಲಿ 15 ಗ್ರಾಂ ಸೀಸದ ಉಂಡೆ ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 900 ಜೂಲ್ ಆಸುಪಾಸು. ಅಂದರೆ ಮೊದಲು ಹೇಳಿದ ರೈಫಲಿನ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ದುಂಡಗಿನ ಉಂಡೆ ಗಾಳಿಯಲ್ಲಿ ಬೇಗ ನಿಧಾನಿಸುತ್ತದೆ. ಸೀಸ ಸಿಗದಿದ್ದಾಗ ಸೈಕಲ್ ಬೇರಿಂಗಿನ ಗುಂಡು, ಕಬ್ಬಿಣದ ತುಂಡು ತುಂಬುವ ಅಭ್ಯಾಸ ಇನ್ನೂ ಕೆಟ್ಟದ್ದು. ಉಕ್ಕು ಅರಳುವುದಿಲ್ಲ, ನೆಟ್ಟಗೆ ಸಾಗುವುದಿಲ್ಲ. ಮದ್ದಿನ ಅಳತೆ ತಪ್ಪಿದರೆ ನಳಿಕೆಯೇ ಒಡೆದು ಹಾರಿಸಿದವನ ಕೈ, ಕಣ್ಣು ಹೋಗುತ್ತವೆ.

ಚರೆಯ ತೋಟಾದ ಲೆಕ್ಕ ಇನ್ನೂ ಸ್ವಾರಸ್ಯದ್ದು. 12 ಬೋರಿನ ಒಂದು ತೋಟಾದಲ್ಲಿ 30 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಒಟ್ಟು ಶಕ್ತಿ 2,400 ಜೂಲ್. ಕೇಳಲು ದೊಡ್ಡದೇ. ಆದರೆ ನಾಲ್ಕನೆಯ ನಂಬರಿನ ಚರೆಯಾದರೆ ಅದು ಸುಮಾರು 180 ಕಾಳುಗಳಲ್ಲಿ ಹಂಚಿಹೋಗಿದೆ. ಒಂದು ಕಾಳಿನ ಪಾಲಿಗೆ 13 ಜೂಲ್. 40 ಮೀಟರ್ ದೂರ ಹೋಗುವಷ್ಟರಲ್ಲಿ ಅದೂ ಇಳಿದು ನಾಲ್ಕೈದು ಜೂಲ್ ಉಳಿಯುತ್ತದೆ. ಮೇಲೆ ಹೇಳಿದ ಕವಣೆಕಲ್ಲಿನದು 45 ಜೂಲ್ ಎಂಬುದನ್ನು ನೆನಪಿಸಿಕೊಳ್ಳಬೇಕು. ಹಕ್ಕಿಗಾಗಿ ಮಾಡಿದ ಚರೆ ಹಂದಿಯ ಗುರಾಣಿಯನ್ನು ದಾಟುವುದೇ ಇಲ್ಲ. ಚರ್ಮದಡಿಯಲ್ಲಿ ಕೂತು ಕೀವಾಗುತ್ತದೆ, ಗಾಯಕ್ಕೆ ನೊಣ ಮುತ್ತಿ ಹುಳ ಬೀಳುತ್ತದೆ. ಎಲ್ಜಿ ಎಂದು ಕರೆಯುವ ದೊಡ್ಡ ಚರೆಯ ತೋಟಾದಲ್ಲಿ ಒಂದೊಂದು ಕಾಳು ನಾಲ್ಕೂವರೆ ಗ್ರಾಂ ತೂಗುತ್ತದೆ. ಹತ್ತಿರದಿಂದ ಅದು ಕೆಲಸ ಮಾಡಬಲ್ಲದು. ಆದರೆ ತೋಟಾದಲ್ಲಿರುವುದೇ ಆರೇಳು ಕಾಳು. ದೂರ ಹೆಚ್ಚಿದಂತೆ ಅವು ಚೆದುರಿ, ಒಂದೋ ಎರಡೋ ಎಲ್ಲಾದರೂ ತಗುಲಿ ಹಂದಿಯನ್ನು ಗಾಯಗೊಳಿಸಿ ಬಿಡುತ್ತವೆ.

ಇವೆಲ್ಲಕ್ಕಿಂತ ಹೀನವಾದದ್ದು ಹಿಟ್ಟಿನಲ್ಲೋ ಹಣ್ಣಿನಲ್ಲೋ ಸಿಡಿಮದ್ದು ಅಡಗಿಸಿ ಇಡುವ ಪದ್ಧತಿ. ಕಚ್ಚಿದ ಪ್ರಾಣಿಯ ದವಡೆ ಸಿಡಿದು ಹೋಗುತ್ತದೆ. ಆದರೆ ಪ್ರಾಣ ಹೋಗುವುದಿಲ್ಲ. ತಿನ್ನಲಾರದೆ, ಕುಡಿಯಲಾರದೆ ಅದು ವಾರಗಟ್ಟಲೆ ಒಣಗಿ ಸಾಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ವೆಳ್ಳಿಯಾರ್ ಹೊಳೆಯಲ್ಲಿ ಗಬ್ಬದ ಆನೆಯೊಂದು ನಿಂತಲ್ಲೇ ಸತ್ತದ್ದು ಇಂಥ ಸಿಡಿಮದ್ದಿನಿಂದಲೇ. ಮೇಯಲು ಬಿಟ್ಟ ಹಸು, ಎಮ್ಮೆ ಈ ಉಂಡೆಯನ್ನು ಕಚ್ಚುವುದಿಲ್ಲವೆಂದು ಯಾರೂ ಖಾತ್ರಿ ಕೊಡಲಾರರು.

ಗಾಯಗೊಂಡ ಹಂದಿ

ಗಾಯಗೊಳ್ಳದ ಹಂದಿ ಸಾಮಾನ್ಯವಾಗಿ ಮನುಷ್ಯನ ಸದ್ದು ಕೇಳಿ ಜಾಗ ಬಿಡುತ್ತದೆ. ಗಾಯಗೊಂಡದ್ದು ಹಾಗಲ್ಲ. ಓಡಲಾಗದೆ ಅದು ಹತ್ತಿರದ ದಟ್ಟ ಬೆಳೆಯಲ್ಲಿ ಮಲಗಿರುತ್ತದೆ, ತೀರ ಹತ್ತಿರಕ್ಕೆ ಹೋದಾಗ ಒಮ್ಮೆಲೇ ಎರಗುತ್ತದೆ. ತಲೆ ತಗ್ಗಿಸಿ ಬಂದು ಕೋರೆಯನ್ನು ಕೆಳಗಿನಿಂದ ಮೇಲಕ್ಕೆ ಸೆಳೆಯುವುದು ಅದರ ರೀತಿ. ಆ ಏಟು ಮನುಷ್ಯನ ತೊಡೆಗೆ ಬೀಳುತ್ತದೆ. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಆಸ್ಪತ್ರೆಗೆ ಮುಟ್ಟುವ ಮೊದಲೇ ಪ್ರಾಣ ಹೋಗಬಹುದು. ಬೆಳಿಗ್ಗೆ ಕಬ್ಬು ಕಡಿಯಲು, ಕಳೆ ತೆಗೆಯಲು ಹೋಗುವ ಕೂಲಿ ಹೆಂಗಸರಿಗೆ ರಾತ್ರಿ ಯಾರು ಎಲ್ಲಿ ಗುಂಡು ಹಾರಿಸಿದರೆಂಬುದು ಗೊತ್ತಿರುವುದಿಲ್ಲ. ಗಾಯದ ವಿಷಯ ಮುಚ್ಚಿಟ್ಟರೆ ಅದರ ಬೆಲೆ ತೆರುವವರು ಇವರೇ.

ಆದುದರಿಂದ ಹೊಲದಲ್ಲಿ ರಕ್ತದ ಗುರುತು ಕಂಡರೆ ರೈತರು ಅದರ ಬೆನ್ನು ಹತ್ತಿ ಹೋಗಬಾರದು. ನಾಯಿ ಬಿಟ್ಟು ಕೆಣಕಲೂ ಬಾರದು. ಸುತ್ತಮುತ್ತಲಿನ ಹೊಲದವರಿಗೆ ಕೂಡಲೇ ತಿಳಿಸಿ, ವಲಯ ಅರಣ್ಯಾಧಿಕಾರಿಯ ಕಚೇರಿಗೆ ಸುದ್ದಿ ಮುಟ್ಟಿಸಬೇಕು. ಆ ದಿನ ಆ ಕಬ್ಬಿನಲ್ಲಿ ಕಡಿತ ನಿಲ್ಲಿಸುವುದು ನಷ್ಟವೆನಿಸಿದರೂ ನಿಲ್ಲಿಸಲೇಬೇಕು. ಯಾರಿಗಾದರೂ ಕೋರೆಯ ಗಾಯವಾದರೆ ಸ್ವಚ್ಛ ಬಟ್ಟೆಯನ್ನು ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿದು, ಒತ್ತಡ ಸಡಿಲಿಸದೆ ಆಸ್ಪತ್ರೆಗೆ ಸಾಗಿಸಬೇಕು. ಧನುರ್ವಾಯು ಮತ್ತು ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಲು ಮರೆಯಬಾರದು.

ಗುರಿ ತಪ್ಪಿದ ಗುಂಡು

ನೆಟ್ಟಗೆ ಅಡ್ಡಲಾಗಿ ಹಾರಿಸಿದ ರೈಫಲ್ ಗುಂಡು ಸುಮಾರು 400 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ನಳಿಕೆ ತುಸು ಮೇಲಕ್ಕೆ ಎದ್ದರೆ ಅದೇ ಗುಂಡು 3 ಕಿಲೋಮೀಟರಿಗೂ ಮಿಕ್ಕಿ ಹೋಗಬಲ್ಲದು. ಔರಾದಿನಂಥ ಬಯಲಿನಲ್ಲಿ 3 ಕಿಲೋಮೀಟರ್ ಎಂದರೆ ಮುಂದಿನ ಊರು. ಗುಡ್ಡದ ಸೀಮೆಯಲ್ಲಿ ಗುಡ್ಡವೇ ತಡೆಯಾಗುತ್ತದೆ. ಇಲ್ಲಿ ತಡೆಯುವುದು ಏನೂ ಇಲ್ಲ. ಚರೆಯ ದೂರ ಕಡಿಮೆ. ನಾಲ್ಕನೆಯ ನಂಬರಿನ ಕಾಳು 250 ಮೀಟರ್ ಹತ್ತಿರ ಬೀಳುತ್ತದೆ. ಎಲ್ಜಿ ಕಾಳು ಮಾತ್ರ 700 ಮೀಟರಿನವರೆಗೂ ಹೋಗಬಹುದು. ಬೀದರ್ ಸುತ್ತಿನ ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಇನ್ನೊಂದು ಅಪಾಯವಿದೆ. ಓರೆಯಾಗಿ ಕಲ್ಲಿಗೆ ಬಡಿದ ಗುಂಡು ಪುಟಿದು ಯಾವ ದಿಕ್ಕಿಗೆ ಹೋಗುತ್ತದೆಂದು ಹೇಳುವಂತಿಲ್ಲ. ಪರವಾನಗಿ ಪಡೆದು ಕೆಲಸ ಮಾಡುವವರು ಎತ್ತರದ ಅಟ್ಟಣಿಗೆಯಿಂದ ಕೆಳಮುಖವಾಗಿ, ಗುಂಡು ಮಣ್ಣಿಗೇ ಇಳಿಯುವಂತೆ ಹಾರಿಸುವುದು ಈ ಕಾರಣಕ್ಕಾಗಿ.

ಬೆಳೆ ಅಲುಗಾಡಿದ್ದನ್ನು ಕಂಡು ಹಂದಿಯೆಂದು ಬಗೆದು ಮನುಷ್ಯನಿಗೇ ಗುಂಡು ಹಾರಿಸಿದ ಪ್ರಕರಣಗಳು ಮಲೆನಾಡು, ಕೊಡಗುಗಳಿಂದ ಆಗಾಗ ವರದಿಯಾಗಿವೆ. ಹೊಲ ಕಾಯುವವನು ಹಂದಿಯ ಹಾಗೆಯೇ ಕತ್ತಲಲ್ಲಿ, ಬೆಳೆಯ ನಡುವೆ ಬಗ್ಗಿ ನಡೆಯುತ್ತಾನೆ.

ಕಾಯಿದೆ ಏನು ಹೇಳುತ್ತದೆ?

ಬಂದೂಕಿನ ಪರವಾನಗಿ ಬೇರೆ, ಪ್ರಾಣಿಯನ್ನು ಕೊಲ್ಲುವ ಅನುಮತಿ ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದು ಕೋರ್ಟು ಕಚೇರಿ ಅಲೆದವರು ಬಹಳ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮಿನಲ್ಲಿ ಬೆಳೆ ರಕ್ಷಣೆಗಾಗಿ ಮದ್ದು ತುಂಬುವ ಬಂದೂಕಿನ ಪರವಾನಗಿಯ ಮಾತು ಬರುತ್ತದೆ. ಆದರೆ ಅಲ್ಲಿಗೆ ಅದು ಮುಗಿಯಿತು. ಪರವಾನಗಿಯ ಬಂದೂಕನ್ನು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾಗುವುದೂ ಉಂಟು. ಹಂದಿಗಳಿಗೆ ಮಾತ್ರ ನೀತಿಸಂಹಿತೆ ಅನ್ವಯಿಸುವುದಿಲ್ಲ ಎಂದು ರೈತರು ನಗುವುದು ಸುಳ್ಳಲ್ಲ. ಕೊಡಗಿನವರಿಗೆ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ, ಬೇಟೆಗೆ ಅಲ್ಲ.

ಬೇಟೆಯ ವಿಷಯ ಬರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ. ಕೃಷ್ಣಮೃಗ ಮತ್ತು ನವಿಲು ಮೊದಲನೆಯ ಅನುಸೂಚಿಯಲ್ಲಿವೆ. ಬೆಳೆ ತಿಂದವೆಂಬ ಕಾರಣಕ್ಕೆ ಇವುಗಳನ್ನು ಕೊಲ್ಲಲು ಅನುಮತಿಯೇ ಸಿಗದು. ಕೊಂದರೆ ಮೂರರಿಂದ ಏಳು ವರ್ಷದವರೆಗೆ ಸೆರೆವಾಸ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಾಡುಹಂದಿ 2022ರ ತಿದ್ದುಪಡಿಯ ನಂತರ ಎರಡನೆಯ ಅನುಸೂಚಿಯಲ್ಲಿದೆ. ಈ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಂದಿ ಮನುಷ್ಯರ ಪ್ರಾಣಕ್ಕೆ ಅಥವಾ ಹೊಲದಲ್ಲಿ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ, ಕಾರಣ ಬರೆದು, ಲಿಖಿತ ಆದೇಶ ಕೊಡಬಹುದು. ಅಂಥ ಆದೇಶವಿಲ್ಲದೆ ತನ್ನ ಹೊಲದಲ್ಲಿಯೇ ಕೊಂದರೂ ಅಪರಾಧವೇ. ಮೈಮೇಲೆ ಬಿದ್ದ ಪ್ರಾಣಿಯನ್ನು ಆತ್ಮರಕ್ಷಣೆಗಾಗಿ ಕೊಂದರೆ ಅಪರಾಧವಲ್ಲ. ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಅದರ ಮಾಂಸ ಹಂಚಿಕೊಂಡರೆ ಮತ್ತೆ ತಪ್ಪಿತಸ್ಥರಾಗಬೇಕಾಗುತ್ತದೆ.

ಕೇಂದ್ರ ಸರ್ಕಾರ ಕೆಲವು ಪ್ರಾಣಿಗಳನ್ನು ನಿರ್ದಿಷ್ಟ ಪ್ರದೇಶದಲ್ಲಿ, ನಿರ್ದಿಷ್ಟ ಅವಧಿಗೆ ಉಪದ್ರವಕಾರಿ ಎಂದು ಘೋಷಿಸುವುದೂ ಉಂಟು. 2015ರ ಡಿಸೆಂಬರಿನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿ ಮತ್ತು ಕಾಡುಹಂದಿಗೆ ಹೀಗೆ ಘೋಷಣೆಯಾಗಿತ್ತು. ಕೇರಳ ಸರ್ಕಾರ 2022ರಲ್ಲಿ ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಪಕ್ಕದ ರಾಜ್ಯದಲ್ಲಿ ಇಂಥ ಆದೇಶವಾಯಿತೆಂಬ ಸುದ್ದಿ ಕೇಳಿ ನಮ್ಮಲ್ಲೂ ಆಯಿತೆಂದು ತಿಳಿಯಬಾರದು. ಔರಾದ್ ತಾಲ್ಲೂಕಿನ ಗಡಿ ಊರುಗಳ ರೈತರು ಇದನ್ನು ವಿಶೇಷವಾಗಿ ಗಮನಿಸಬೇಕು. ಹೊಲದ ಬದು ದಾಟಿದರೆ ಮಹಾರಾಷ್ಟ್ರ, ಅಲ್ಲಿನ ಆದೇಶ ಇಲ್ಲಿಗೆ ಬಾರದು. ಬೆಳೆ ನಷ್ಟವಾದಾಗ ತಡಮಾಡದೆ, ಹಾಳಾದ ಬೆಳೆಯನ್ನು ಕೀಳದೆ, ಚಿತ್ರ ತೆಗೆಸಿ ಪಹಣಿಯೊಡನೆ ವಲಯ ಅರಣ್ಯಾಧಿಕಾರಿಗೆ ಪರಿಹಾರದ ಅರ್ಜಿ ಕೊಡಬೇಕು. ಹೊಲದ ಸುತ್ತ ಮೂರು ನಾಲ್ಕು ಸಾಲು ಮುಳ್ಳಿನ ಕುಸುಬೆ ಹಾಕುವ ಹಿಂದಿನವರ ರೂಢಿ, ಸೌರಬೇಲಿ ಇವುಗಳ ವಿಷಯ ರೈತರಿಗೆ ಹೊಸದಲ್ಲ. ಕರೆಂಟಿನ ತಂತಿಯನ್ನು ನೇರವಾಗಿ ಬೇಲಿಗೆ ಕೊಡುವುದು ಮಾತ್ರ ಕೊಲೆಗೆ ಸಮಾನ.

ಉಳಿಯುವ ಸೀಸ

ಮೆದುಮೂತಿ ಗುಂಡು ಅರಳುವಾಗ ಅದರಿಂದ ಸೀಸದ ಚೂರುಗಳು ಉದುರುತ್ತವೆ. ಅಮೆರಿಕದಲ್ಲಿ ಬೇಟೆಯಾದ ಜಿಂಕೆಗಳ ಕಳೇಬರವನ್ನು ಎಕ್ಸ್-ರೇ ತೆಗೆದು ನೋಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ನೂರಾರು ಚೂರುಗಳು ಗಾಯದ ಜಾಗದಿಂದ ಗೇಣುದ್ದ ಆಚೆಗೂ ಹರಡಿರುವುದು ಕಂಡುಬಂದಿತು. ಇಂಥ ಕಳೇಬರ ತಿಂದ ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳು ಸೀಸದ ವಿಷವೇರಿ ಸಾಯತೊಡಗಿದವು. 2019ರ ಜುಲೈ 1ರಿಂದ ಆ ರಾಜ್ಯ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ನಮ್ಮಲ್ಲಿ ಗುಂಡೇಟಿನಿಂದ ಸತ್ತ ಹಂದಿಯನ್ನು ಬಯಲಿಗೆಸೆದರೆ ನಾಯಿ, ಹದ್ದುಗಳ ಹೊಟ್ಟೆ ಸೇರುವುದು ಇದೇ ಸೀಸ. ಅರಣ್ಯ ಇಲಾಖೆಯವರು ಮಹಜರು ಮುಗಿಸಿದ ಮೇಲೆ ಕಳೇಬರವನ್ನು ಬಾವಿ, ಹಳ್ಳಗಳಿಂದ ದೂರದಲ್ಲಿ ಆಳವಾಗಿ ಹೂಳಿಸಬೇಕು.

ಚರೆ ಬಿದ್ದ ಹೊಲದ ಕಣಿಕೆಯ ಬಗ್ಗೆಯೂ ಎಚ್ಚರ ಬೇಕು. ಮೇವಿನೊಡನೆ ದನದ ಹೊಟ್ಟೆ ಸೇರಿದ ಸೀಸದ ಕಾಳು ಭಾರವಾದ್ದರಿಂದ ಮುಂದೆ ಸಾಗದೆ ಜಠರದ ಎರಡನೆಯ ಭಾಗದಲ್ಲೇ ತಂಗಿ, ಸ್ವಲ್ಪ ಸ್ವಲ್ಪವೇ ಕರಗಿ ರಕ್ತ ಸೇರಬಹುದು. ಕರುಗಳಿಗೆ ಇದರ ಬಾಧೆ ಹೆಚ್ಚು. ಹಲ್ಲು ಕಡಿಯುವುದು, ಕಣ್ಣು ಕಾಣದೆ ಗೋಡೆಗೆ ಹಾಯುವುದು, ತತ್ತರಿಸುವುದು ಇದರ ಲಕ್ಷಣ. ಇಂಥ ಲಕ್ಷಣ ಕಂಡ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು.

ದನಕ್ಕೆ ಗುಂಡು ತಗುಲಿದರೆ

ದೇವಣಿ ಎತ್ತು ಈ ಸೀಮೆಯ ಹೆಮ್ಮೆ. ಅಂಥ ಎತ್ತಿನ ಮೈಗೆ ಚರೆ ತಗುಲಿ ಬಂದಾಗ ಮನೆಯವರು ಗಾಬರಿಯಿಂದ ಚಾಕು, ಸೂಜಿಗಳಿಂದ ಕಾಳು ಕೀಳಲು ಹೋಗುವುದುಂಟು. ಹಾಗೆ ಮಾಡಬಾರದು. ಕಾಳಿಗಿಂತ ಕೀಳುವ ಕೈಯಿಂದಲೇ ಹೆಚ್ಚು ಕೇಡಾಗುತ್ತದೆ. ಸ್ನಾಯುವಿನಲ್ಲಿ ಕುಳಿತ ಕಾಳಿನ ಸುತ್ತ ದೇಹವೇ ಗಟ್ಟಿ ಕೋಶ ಕಟ್ಟಿ ಅದನ್ನು ಅಲ್ಲಿಯೇ ಬಂಧಿಸುತ್ತದೆ. ಎಷ್ಟೋ ವೇಳೆ ಅದನ್ನು ಹಾಗೆಯೇ ಬಿಡುವುದು ಕ್ಷೇಮ. ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಕಟ್ಟಬೇಕು. ಸೆಗಣಿ, ಸುಣ್ಣ, ಇಂಜಿನ್ ಎಣ್ಣೆ ಹಚ್ಚಬಾರದು. ಎದೆ ಅಥವಾ ಹೊಟ್ಟೆಗೆ ತಗುಲಿದ್ದರೆ ನೀರು, ಮೇವು ಕೊಡದೆ ಕೂಡಲೇ ಪಶು ಚಿಕಿತ್ಸಾಲಯಕ್ಕೆ ಒಯ್ಯಬೇಕು. ಸಣ್ಣ ಕಂಡಿ ಕಂಡು ಸಣ್ಣ ಗಾಯವೆಂದು ತಿಳಿಯಬಾರದು. ಗುಂಡು ಹೊಕ್ಕ ಜಾಗ ಸಣ್ಣದಿದ್ದು ಒಳಗಿನ ಹಾನಿ ದೊಡ್ಡದಿರುವುದೇ ಹೆಚ್ಚು. ಒಳಗಿರುವ ಗುಂಡನ್ನು ಗುರುತಿಸಲು ಎಕ್ಸ್-ರೇ ಬೇಕಾದಲ್ಲಿ ಸ್ಥಳೀಯ ಪಶುವೈದ್ಯರ ಚೀಟಿಯೊಡನೆ ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಕರೆದೊಯ್ಯಬಹುದು. ಶಸ್ತ್ರಕ್ರಿಯೆಯಲ್ಲಿ ಹೊರತೆಗೆದ ಗುಂಡನ್ನು ಎಸೆಯದೆ, ತೊಳೆಯದೆ, ಕಾಗದದಲ್ಲಿ ಸುತ್ತಿ ವೈದ್ಯರ ಸಹಿಯೊಡನೆ ಪೊಲೀಸರಿಗೆ ಒಪ್ಪಿಸಬೇಕು. ಗುಂಡಿನ ಮೈಮೇಲಿನ ಗೀರುಗಳಿಂದ ಅದು ಯಾವ ಬಂದೂಕಿನದೆಂದು ಪತ್ತೆಹಚ್ಚಲು ಸಾಧ್ಯವಿದೆ. ಎತ್ತಿನ ಬೆಲೆ ವಸೂಲಾಗಬೇಕಾದರೆ ಆ ಸಣ್ಣ ಸೀಸದ ತುಂಡೇ ಸಾಕ್ಷಿ.